ಸುಂದರೇಶ ಭಾವನ ಎಡಗೆನ್ನೆ

ನಮ್ಮ ಬೀದಿಯಲ್ಲಿ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಲುಂಗಿ ಉಟ್ಟುಕೊಂಡೇ ಹಾಲಿನ ಬೂತಿಗೆ ಹೋಗಬಹುದು. ಪಕ್ಕದ ಮನೆಯ ದಾಸವಾಳ ಕಿತ್ತು ತಮ್ಮ ಮನೆ ದೇವರಿಗೆ ಏರಿಸಬಹುದು. ಯೋಗ ಕಲಿಯಲು ಬಂದ ವಿದೇಶಿಯರಿಗೆ ತಮಗೇ ಬಾರದ ಸಂಸ್ಕೃತವನ್ನು ಕಲಿಸಲೂಬಹುದು. ಆದರೆ ಮನೆ ಮುಂದೆ ಕುರ್ಚಿ ಹಾಕಿಕೊಂಡು, ಕೆನ್ನೆಗೆ ಕೈ ಕೊಟ್ಟುಕೊಂಡು ಮಾತ್ರ ಕೂರುವ ಹಾಗಿಲ್ಲ. ಹಾಗೆ ಕೂತರೆ ಮನೆಗೆ ಒಳ್ಳೆಯದಲ್ಲ. ಈ ಕಾನೂನು ಮೈಸೂರಿನ ಎಲ್ಲ ಬಡಾವಣೆಗೂ ಅನ್ವಯಿಸುತ್ತದೆಯಾದರೂ, ಗೋಕುಲಂನ ನಮ್ಮ ಅಡ್ಡರಸ್ತೆಯಲ್ಲಿ ಅದನ್ನು ಜಾರಿಗೆ ತರಲು ಎದುರು ಮನೆಯ ಸರೋಜಮ್ಮ ಇದ್ದಾರೆ. ಅವರು ಸದಾ ಗೇಟಿನ ಹತ್ತಿರವೇ ಇರುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ನನ್ನ ಪಕ್ಕದ ಮನೆಯ ಸುಂದರೇಶ ಭಾವ ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಎಡಗೆನ್ನೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಪಕ್ಕದಲ್ಲಿ ಕಾಫಿ ಆರುತ್ತಿತ್ತು. ಸರೋಜಮ್ಮ ಅದನ್ನು ನೋಡಿದರು. ನಡೆದದ್ದು ಇಷ್ಟೇ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಭಾವ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ದೂರದ ಸಂಬಂಧದಲ್ಲಿ ನನಗೆ ಅಕ್ಕನಾಗಬೇಕಾದ ಅಂಬುಜಕ್ಕನ ಗಂಡ. ಅವರಿಗೆ ಎರಡು ಹೆಮ್ಮೆ, ಒಂದು ತಮ್ಮ ಮಾತು, ಇನ್ನೊಂದು ತಮ್ಮ ಹಲ್ಲು. ಅವರ ಮುತ್ತಾತ ಅರಮನೆಗೆ ಹಲ್ಲುಪುಡಿ ಮಾಡಿಕೊಡುತ್ತಿದ್ದರಂತೆ. ಅದನ್ನು ಕಂಡವರು ಯಾರೂ ಈಗ ಬದುಕಿಲ್ಲವಾದ್ದರಿಂದ ನಾವೂ ವಿರೋಧಿಸಲು ಹೋಗಿಲ್ಲ. ಬಾದಾಮಿ ಸಿಪ್ಪೆ ಸುಟ್ಟು, ಉಪ್ಪು, ಪಟಿಕ, ಲವಂಗ ಸೇರಿಸಿ ಕುಟ್ಟಿದ ಆ ಕರಿಪುಡಿಯನ್ನು ಭಾವ ಇವತ್ತಿಗೂ ಮನೆಯಲ್ಲೇ ಮಾಡುತ್ತಾರೆ. ಹಿತ್ತಲಿನಲ್ಲಿ ನಿಂತು ಅವರು ಹಲ್ಲುಜ್ಜುವ ಸದ್ದು ಕೇಳಿದರೆ ಯಾರೋ ಹಿತ್ತಾಳೆ ಕೊಳದಪ್ಪಲೆ ಬೆಳಗುತ್ತಿದ್ದಾರೆ ಅನ್ನಿಸಬೇಕು. "ಹಲ್ಲಿನ ಡಾಕ್ಟರ ಬಾಗಿಲು ತುಳಿದ ವಂಶ ಅಲ್ಲಪ್ಪ ನಮ್ಮದು" ಎಂದು ಅವರು ಹೇಳದೆ ಇದ್ದ ಮದುವೆ ಮನೆ ಇಲ್ಲ, ಮುಂಜಿ ಮನೆ ಇಲ್ಲ.

ಮಾತಿನ ವಿಚಾರಕ್ಕೆ ಬಂದರೆ, ಅದನ್ನು ನಿಲ್ಲಿಸುವ ಶಕ್ತಿ ಇದ್ದದ್ದು ಅಂಬುಜಕ್ಕನಿಗೆ ಮಾತ್ರ. ಊಟ ಮುಗಿದು ಟಿವಿಯಲ್ಲಿ ಧಾರಾವಾಹಿ ಶುರುವಾದರೆ ಭಾವನ ವ್ಯಾಖ್ಯಾನವೂ ಶುರುವಾಗುತ್ತಿತ್ತು. ಆ ಸೊಸೆ ಬಾಗಿಲ ಸಂದಿಯಲ್ಲಿ ಯಾಕೆ ನಿಂತಿದ್ದಾಳೆ, ಈ ಅತ್ತೆಗೆ ಒಡವೆ ಹಾಕಿಕೊಂಡು ನಿದ್ದೆ ಹೇಗೆ ಬರುತ್ತದೆ, ಪೋಸ್ಟ್‌ಮ್ಯಾನ್ ಹಾಗೆ ಬಾಗಿಲಲ್ಲೇ ಕಾಗದ ಒಡೆದು ಓದಿದರೆ ಕೆಲಸ ಉಳಿಯುತ್ತದೆಯೇ. ಅಂಬುಜಕ್ಕ ಜಗಳ ಆಡುತ್ತಿರಲಿಲ್ಲ. ಡಬ್ಬಿಯಿಂದ ದಪ್ಪನೆಯ ಒಂದು ಕಲ್ಲುಸಕ್ಕರೆ ತುಂಡು ತೆಗೆದು ಅವರ ಅಂಗೈಗೆ ಹಾಕಿ, "ಇದು ಕರಗೋವರೆಗೂ ಮಾತಾಡಬಾರದು" ಅನ್ನುತ್ತಿದ್ದಳು. ಭಾವ ಅದನ್ನು ಎಡಗೆನ್ನೆಯ ಸಂದಿಗೆ ತಳ್ಳಿಕೊಂಡು, ಕಡಿದು ಮೋಸ ಮಾಡದೆ, ಕೈಕಟ್ಟಿ ಕೂರುತ್ತಿದ್ದರು. ನಾನು ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ಹೋದ ವರ್ಷ ಅಂಬುಜಕ್ಕ ತೀರಿಕೊಂಡಳು. ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಿದವಳು ರುಬ್ಬುವ ಹೊತ್ತಿಗೆ ಇರಲಿಲ್ಲ. ಭಾವ ಅಳಲಿಲ್ಲ. ಮಾತು ಕಡಿಮೆ ಮಾಡಿದರು, ಅಷ್ಟೇ. ವೈಕುಂಠ ಸಮಾರಾಧನೆಯ ದಿನ ಮಗಳು ಗಾರ್ಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡು, "ಅಪ್ಪ, ಅಮ್ಮ ಹೋಗಿದ್ದು ನಿಮಗೆ ಗೊತ್ತೇ ಆದ ಹಾಗಿಲ್ಲ" ಅಂದಳು. ಭಾವ ಸ್ವಲ್ಪ ಯೋಚಿಸಿ, "ಬಾಳೆಎಲೆ ಸಾಲೋ ಹಾಗೆ ಕಾಣಲ್ಲ, ಇನ್ನೊಂದು ಕಟ್ಟು ತರಿಸು" ಅಂದರು. ಅಂದಿನಿಂದ ಗಾರ್ಗಿ ಮನೆಯೊಳಕ್ಕೆ ಬಂದಿಲ್ಲ. ವಿಜಯನಗರದಲ್ಲಿ ಅವಳ ಮನೆ. ಭಾನುವಾರ ಸ್ಕೂಟರಿನಲ್ಲಿ ಬಂದು, ಹುಳಿ ಪಲ್ಯದ ಕ್ಯಾರಿಯರನ್ನು ಬಾಗಿಲಲ್ಲೇ ಕೊಟ್ಟು, ಚಪ್ಪಲಿ ಬಿಡದೆ ಹಾಗೇ ಹಿಂದಕ್ಕೆ ಹೋಗುತ್ತಾಳೆ. ಭಾವ ಬಾಗಿಲಲ್ಲಿ ನಿಂತು ಆ ಚಪ್ಪಲಿಯನ್ನೇ ನೋಡುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ.

ಈಗ ಸೋಮವಾರಕ್ಕೆ ಬರೋಣ. ಸರೋಜಮ್ಮ ರಸ್ತೆ ದಾಟಿ ಬಂದು ಗೇಟು ಹಿಡಿದು ನಿಂತರು.

"ಏನ್ ಸ್ವಾಮಿ, ಇಂಗ್ ಕೂತ್ಬುಟ್ರಿ? ಅಮ್ಮಾರ ಗ್ಯಾನ ಬಂತಾ?"

ಆಗತಾನೇ ಬಿಸಿ ಕಾಫಿ ಎಡಗಡೆಯ ಕೆಳದವಡೆಯ ಹಲ್ಲಿನ ಬುಡಕ್ಕೆ ತಾಗಿ, ನೋವು ಕಿವಿಯವರೆಗೆ ಏರಿ, ಭಾವನ ಕಣ್ಣಲ್ಲಿ ನೀರು ತುಂಬಿತ್ತು. ಬಾಯಿ ಬಿಟ್ಟರೆ ಗಾಳಿ ತಾಗುತ್ತದೆ. ಅವರು ಬಾಯಿ ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದರು.

"ಅಳ್ಬುಡಿ ಸ್ವಾಮಿ. ಒಟ್ಟೇಲಿ ಇಟ್ಕಂಡ್ರೆ ಒಳ್ಳೇದಲ್ಲ. ಅತ್ಬುಟ್ರೆ ಅಗುರಾಯ್ತದೆ" ಎಂದ ಸರೋಜಮ್ಮ, ತಮ್ಮ ಗೇಟಿಗೆ ಹಿಂದಿರುಗುವ ಮೊದಲೇ ಗಾರ್ಗಿಗೆ ಫೋನು ಮಾಡಿದರು. ಅವರ ಫೋನಿಗೆ ಟವರ್ ಬೇಕಿಲ್ಲ, ಬರೀ ಗಂಟಲಿನಲ್ಲೇ ವಿಜಯನಗರಕ್ಕೆ ಕೇಳಿಸೀತು. "ಗಾರ್ಗಮ್ಮಾ, ನಿಮ್ಮಪ್ಪಾರು ಕೆನ್ನೆಗ್ ಕೈ ಕೊಟ್ಕಂಡು ಕೂತವ್ರೆ ಕಣವ್ವ. ನಿಮ್ಮವ್ವನ್ನ ನೆನೆಸ್ಕಂಡು ಕಣ್ಣಲ್ಲಿ ನೀರ್ ಆಕ್ತಾವ್ರೆ. ನಾನೇ ಕಣ್ಣಾರ ಕಂಡೆ."

ಗಾರ್ಗಿ ತಾನು ಪಾಠ ಹೇಳುವ ಕಾಲೇಜಿಗೆ ರಜೆ ಹಾಕಿ ಬಂದಳು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೇ ಕೂತು ಅವರ ಮಂಡಿಯ ಮೇಲೆ ತಲೆ ಇಟ್ಟಳು. "ಇಷ್ಟು ದಿನ ಒಳಗೊಳಗೇ ಇಟ್ಕೊಂಡಿದ್ರಾ ಅಪ್ಪ? ನಾನು ಏನೇನೋ ಅಂದುಬಿಟ್ಟೆ" ಅಂದಳು. ಭಾವ ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಚಪ್ಪಲಿ ಕಣ್ಣಿಗೆ ಬಿತ್ತು. ತೆರೆದ ಬಾಯಿಯನ್ನು ಮುಚ್ಚಿಕೊಂಡರು.

ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ವಾಗೀಶ, ಮನೇಲಿ ಲವಂಗದ ಎಣ್ಣೆ ಇದೆಯೇನೋ?"

"ಯಾಕೆ ಭಾವ?"

"ಹಲ್ಲು ಕಣೋ." ಈ ಮಾತನ್ನು ಅವರು ಮನೆತನದಲ್ಲಿ ಯಾರೋ ಜೈಲಿಗೆ ಹೋದ ಸುದ್ದಿಯಂತೆ ಹೇಳಿದರು.

"ಅಯ್ಯೋ, ಹಾಗಾದರೆ ಬೆಳಿಗ್ಗೆ ಅತ್ತಿದ್ದು?"

"ಅಳಲಿಲ್ಲ. ನೀರು ಬಂತು. ಎರಡಕ್ಕೂ ವ್ಯತ್ಯಾಸ ಇದೆ."

"ಗಾರ್ಗಿಗೆ ಹೇಳಿಬಿಡಿ, ಡಾಕ್ಟರಿಗೆ ತೋರಿಸಿದರೆ ಆಯಿತು."

ಭಾವ ಗೋಡೆಯ ಮೇಲೆ ಗಲ್ಲ ಊರಿದರು. "ಏನಂತ ಹೇಳಲೋ? ಅಪ್ಪ ಕಣ್ಣೀರು ಹಾಕಿದ್ದು ನಿಮ್ಮಮ್ಮನಿಗೆ ಅಲ್ಲಮ್ಮ, ದವಡೆ ಹಲ್ಲಿಗೆ ಅಂತಲಾ? ಅವಳು ಇನ್ನು ಜನ್ಮದಲ್ಲಿ ಈ ಮನೇಲಿ ಚಪ್ಪಲಿ ಬಿಡಲ್ಲ. ಹಲ್ಲು ಹೋದರೆ ಹೋಗಲಿ."

ಅರಮನೆಯ ಹಲ್ಲುಪುಡಿ ವಂಶದವರ ಬಾಯಲ್ಲಿ ಈ ಮಾತು ಬಂದದ್ದು ಸಾಮಾನ್ಯ ಸಂಗತಿಯಲ್ಲ. ನಾನು ಎಣ್ಣೆ ಸೀಸೆ ತಂದುಕೊಟ್ಟೆ.

ಹೀಗೆ ಒಂದು ಹಲ್ಲು ಇಡೀ ಬೀದಿಯ ಆಸ್ತಿಯಾಯಿತು. ದುಃಖದಲ್ಲಿರುವವರಿಗೆ ಏನಾದರೂ ತಿನ್ನಿಸಬೇಕು ಎಂಬುದು ನಮ್ಮವರ ನಂಬಿಕೆ, ಅದರಲ್ಲೂ ಸಿಹಿ. ಒಬ್ಬರು ಸಜ್ಜಿಗೆ ತಂದರು. ಇನ್ನೊಬ್ಬರು ತುಪ್ಪ ಸುರಿಯುವ ಮೈಸೂರ್ ಪಾಕ್ ತಂದರು. ಸರೋಜಮ್ಮ ಬೆಲ್ಲದ ಪಾಯಸವನ್ನು ತಾವೇ ಎದುರಿಗೆ ನಿಂತು ಕುಡಿಸಿದರು. ಪ್ರತಿ ತುತ್ತಿಗೂ ಸಿಹಿ ಹೋಗಿ ಆ ಹಲ್ಲಿನ ಬುಡದಲ್ಲಿ ನಿಲ್ಲುತ್ತಿತ್ತು, ಪ್ರತಿ ಸಲವೂ ಭಾವನ ಕಣ್ಣು ತುಂಬುತ್ತಿತ್ತು, ತಂದವರಿಗೆ ತೃಪ್ತಿಯಾಗುತ್ತಿತ್ತು. "ಅಮ್ಮಾರ ಕೈ ಪಾಯಸ ನೆನಪಾಯ್ತು ನೋಡಿ" ಎಂದು ಸರೋಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ಸೌಟು ಬಡಿಸಿದರು. ಮರುದಿನ ಹಬ್ಬದ ಹಾಗೆ ಇನ್ನೂ ಹೆಚ್ಚು ಪಾತ್ರೆಗಳು ಬಂದವು.

ಇದು ಸಾಲದೆಂದು ಪಾರ್ಕಿನ ನಗೆಕೂಟದ ಅಧ್ಯಕ್ಷರಾದ ವಿಶ್ವನಾಥ್ ಬಂದರು. ಅವರ ಪ್ರಕಾರ ಜಗತ್ತಿನ ಎಲ್ಲ ಕಷ್ಟಕ್ಕೂ ಬೆಳಗಿನ ಚಳಿಯಲ್ಲಿ ಗುಂಪಾಗಿ ನಗುವುದೊಂದೇ ಪರಿಹಾರ. ಭಾವ ಎಷ್ಟು ತಪ್ಪಿಸಿಕೊಂಡರೂ ಬಿಡದೆ ಕೈಹಿಡಿದು ಎಳೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

"ಬಾಯಿ ಪೂರ್ತಿ ತೆಗೀರಿ ಸುಂದರೇಶ್. ಹೊಟ್ಟೆಯಿಂದ ಬರಲಿ. ಒಂದು, ಎರಡು" ಎಂದು ವಿಶ್ವನಾಥ್ ಕೈ ಎತ್ತಿದರು.

ಭಾವ ಬಾಯಿ ತೆರೆದರು. ಡಿಸೆಂಬರಿನ ಗಾಳಿ ನೇರವಾಗಿ ಒಳಕ್ಕೆ ನುಗ್ಗಿತು. ಅವರು ಹಾಕಿದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. ಕೆನ್ನೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕುಸಿದರು. ನಗೆಕೂಟದವರು ಚಪ್ಪಾಳೆ ತಟ್ಟಿದರು. "ಬಂತು, ಒಳಗಿದ್ದದ್ದೆಲ್ಲ ಹೊರಗೆ ಬಂತು" ಎಂದು ವಿಶ್ವನಾಥ್ ಗದ್ಗದಿತರಾದರು. ಚಾಪೆ ಸುತ್ತಿಕೊಂಡು ಹೋಗುತ್ತಿದ್ದ ಒಬ್ಬ ವಿದೇಶಿ ಹೆಂಗಸು ನಿಂತು ನೋಡಿ, ಭಾವನ ಪಕ್ಕದಲ್ಲಿ ಕೂತು, ತಾನೂ ಎಡಗೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿದಳು. ಇವರು ಯಾವ ಗುರುಗಳು ಎಂದು ಆಮೇಲೆ ನನ್ನನ್ನು ಕೇಳಿದಳು. ನಮ್ಮ ಅಕ್ಕನ ಗಂಡ ಎಂದೆ.

ನಗುವುದಕ್ಕೆ ಇವೆಲ್ಲ ಸರಿ. ಆದರೆ ಗಾರ್ಗಿ ದಿನಾ ಸಂಜೆ ಬರತೊಡಗಿದಳು. ಕಾಲೇಜು ಮುಗಿಸಿ ಬಂದು ಅನ್ನಕ್ಕಿಟ್ಟು, ಅಪ್ಪನ ಎದುರು ಕೂತು ಅಮ್ಮನ ಮಾತು ತೆಗೆಯುತ್ತಿದ್ದಳು. ಅಮ್ಮ ಹೇಗೆ ತೊಗರಿಬೇಳೆ ಕೊಳ್ಳುವಾಗ ಅಂಗಡಿಯವನನ್ನು ಅಳಿಸುತ್ತಿದ್ದಳು, ಹೇಗೆ ಬಸ್ಸಿನಲ್ಲಿ ಪರಿಚಯವಿಲ್ಲದವರ ಮಗುವಿಗೆ ಜಡೆ ಹಾಕಿದ್ದಳು. ಭಾವ ಲವಂಗದ ಎಣ್ಣೆಯ ಹತ್ತಿಯನ್ನು ದವಡೆಯಲ್ಲಿ ಒತ್ತಿಕೊಂಡು, ಕೆನ್ನೆಗೆ ಕೈ ಕೊಟ್ಟು, ಒಂದೂ ಮಾತಾಡದೆ ಕೇಳುತ್ತಿದ್ದರು. ಅಂಥ ನೋವಿನಲ್ಲೂ ಅವರು ಅಷ್ಟು ನೆಮ್ಮದಿಯಾಗಿದ್ದುದನ್ನು ಆ ವರ್ಷ ನಾನು ನೋಡಿರಲಿಲ್ಲ. ಸುಳ್ಳಿನ ಮೇಲೆ ನಿಂತ ನೆಮ್ಮದಿ ಅದು ಎಂದು ನನಗೆ ಗೊತ್ತಿತ್ತು. ಆದರೂ ಎಣ್ಣೆ ಸೀಸೆ ಖಾಲಿಯಾದಾಗ ಇನ್ನೊಂದು ತಂದುಕೊಟ್ಟೆ.

ಅಂಬುಜಕ್ಕನ ವರ್ಷಾಬ್ದಿಕ ಬಂತು. ಗಂಡುಮಕ್ಕಳಿಲ್ಲದ್ದರಿಂದ ಭಾವನೇ ಕರ್ತೃ. ಹೊಗೆಯಲ್ಲಿ ಕೂತು, ಎಳ್ಳು ನೀರು ಬಿಟ್ಟು, ಬ್ರಾಹ್ಮಣರ ಊಟವಾಗಿ, ಕೊನೆಗೆ ಮನೆಯವರು ಎಲೆ ಮುಂದೆ ಕೂತೆವು. ಪುರೋಹಿತ ಪವಮಾನ ತಮ್ಮ ಊಟ ಮುಗಿಸಿ, ಎದುರಿನ ಕುರ್ಚಿಯಲ್ಲಿ ತಾಂಬೂಲ ಮೆಲ್ಲುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಮಂತ್ರವಾಗಲಿ ಮಾತಾಗಲಿ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ.

ಗಾರ್ಗಿ ಬೆಲ್ಲದ ಎಳ್ಳುಂಡೆ ಬಡಿಸಿದಳು. "ಅಮ್ಮನಿಗೆ ತುಂಬ ಇಷ್ಟ, ಬಿಡಬಾರದು ಅಪ್ಪ" ಅಂದಳು. ಭಾವ ಅದನ್ನು ಬಲಗಡೆಗೆ ಹಾಕಿಕೊಂಡರು. ಉಂಡೆಗೆ ಎಡ ಬಲ ಗೊತ್ತಿಲ್ಲ. ಅದು ಅಂಟಿಕೊಂಡು ಎಡಕ್ಕೆ ಜಾರಿ, ಹೋಗಬಾರದ ಜಾಗ ಸೇರಿತು. ಭಾವ ಎಂಜಲು ಕೈಯಲ್ಲೇ ಕೆನ್ನೆ ಹಿಡಿದು, ಎಲೆಯ ಮೇಲೆ ಬಾಗಿ, ಗಳಗಳನೆ ಕಣ್ಣೀರು ಸುರಿಸಿದರು. ನೆಂಟರೆಲ್ಲ ತುತ್ತು ನಿಲ್ಲಿಸಿದರು. ಗಾರ್ಗಿ ಹಿಂದಿನಿಂದ ಬಂದು ಬೆನ್ನು ಸವರಿದಳು.

"ಸುಂದರೇಶ್, ನೀವು ಎಡಗಡೆ ಅಗಿಯಲೇ ಇಲ್ಲ, ನಾನು ಆಗಿನಿಂದ ನೋಡ್ತಿದೀನಿ" ಎಂದು ಪವಮಾನರು ಇಡೀ ಮನೆಗೆ ಕೇಳುವಂತೆ ಹೇಳಿದರು. "ಅದು ದುಃಖ ಅಲ್ಲ ಕಣ್ರೀ, ಹುಳುಕು. ನಂಗೂ ಹೀಗೇ ಆಗಿತ್ತು. ಒಸಡಿನ ಹತ್ರ ತೂತಾಗಿದೆ. ಲವಂಗದ ವಾಸನೆ ಸಂಕಲ್ಪ ಮಾಡ್ವಾಗಲೇ ಬಂತು ನಂಗೆ."

ಬೆನ್ನ ಮೇಲಿನ ಕೈ ನಿಂತಿತು. "ಹಲ್ಲಾ ಅಪ್ಪ?" ಎಂದಳು ಗಾರ್ಗಿ.

ಭಾವ ಎಂಜಲು ಕೈಯನ್ನು ಕೆನ್ನೆಯಿಂದ ಕೆಳಗಿಳಿಸಿದರು.

"ಮೊದಲ ದಿನದಿಂದಲೂ?"

ಅವರು ಎಲೆ ನೋಡುತ್ತಾ ತಲೆ ಆಡಿಸಿದರು. ಗಾರ್ಗಿ ಜಗಳವಾಡಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದಾಗದಂತೆ ತೊಳೆದಳು. ಹೊರಡುವಾಗ, "ನಾಳೆ ಬೆಳಿಗ್ಗೆ ತಯಾರಾಗಿರಿ, ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ವಾಗೀಶ ಮಾವ, ನೀವೂ ಬನ್ನಿ" ಅಂದಳು. ತರಗತಿಯಲ್ಲಿ ಹಾಜರಿ ತೆಗೆಯುವವರ ಧ್ವನಿ ಅದು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು. ಭಾವ ನೋಡಿದರು. ಹಲ್ಲು ನೋವಿಗಿಂತ ಅದು ಹೆಚ್ಚು ನೋಯಿಸಿತೆಂದು ಅವರ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಮಾಲವಿಕಾ ಎಂಬ ಹಲ್ಲಿನ ಡಾಕ್ಟರ ಕ್ಲಿನಿಕ್ಕು ವಿಜಯನಗರದಲ್ಲಿತ್ತು. ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಡಾಕ್ಟರು ಭಾವನನ್ನು ಮಲಗುಕುರ್ಚಿಯಲ್ಲಿ ಒರಗಿಸಿ, ದೀಪ ಬಿಟ್ಟು, ಪುಟ್ಟ ಕನ್ನಡಿ ಹಾಕಿ ನೋಡಿದರು. ಆಮೇಲೆ ಒಂದು ಎಕ್ಸ್‌ರೇಯನ್ನೂ ತೆಗೆದು ನೋಡಿದರು.

"ಅಂಕಲ್, ಯಾವುದರಲ್ಲಿ ಹಲ್ಲುಜ್ಜುತ್ತೀರಿ?"

ಭಾವ ಮುತ್ತಾತನಿಂದ ಶುರುಮಾಡಲು ಹೋದರು. ನಾನೇ ನಡುವೆ ಬಾಯಿ ಹಾಕಿ ಕರಿಪುಡಿ ಎಂದೆ.

"ಅದೇ. ಒರಟು ಪುಡೀಲಿ ತಿಕ್ಕಿ ತಿಕ್ಕಿ ಒಸಡು ಸರಿದುಬಿಟ್ಟಿದೆ. ಹಲ್ಲಿನ ತಲೆ ಮೇಲೆ ಗಟ್ಟಿ ಹೊದಿಕೆ ಇರುತ್ತೆ, ಬೇರಿಗೆ ಅದು ಇರಲ್ಲ. ಒಸಡು ಇಳಿದಾಗ ಬೇರು ಹೊರಗೆ ಕಾಣುತ್ತೆ, ಅಲ್ಲಿ ಹುಳುಕು ಬೇಗ ಹಿಡಿಯುತ್ತೆ. ಅದೃಷ್ಟಕ್ಕೆ ನರ ಮುಟ್ಟಿಲ್ಲ. ಕೊಳೆತಿದ್ದನ್ನ ತೆಗೆದು ಇವತ್ತೇ ತುಂಬಿಬಿಡ್ತೀನಿ." ಡಾಕ್ಟರು ಕನ್ನಡಿಯನ್ನು ಇನ್ನೊಮ್ಮೆ ಒಳಗೆ ಹಾಕಿದರು. "ಆದರೆ ಬರೀ ಪುಡಿಯಿಂದ ಹೀಗಾಗಿಲ್ಲ. ಬಲಗಡೆನೂ ಒಸಡು ಇಳಿದಿದೆ, ಅಲ್ಲಿ ಹುಳುಕಿಲ್ಲ. ಎಡಗಡೆ ಕೆನ್ನೆ ಕಡೆಗೆ ಮಾತ್ರ ಇದೆ. ಏನಾದ್ರೂ ಸಿಹಿ ಅಲ್ಲಿ ಒತ್ತಿಟ್ಟುಕೊಂಡು ಮಲಗೋ ಅಭ್ಯಾಸ ಇದೆಯಾ?"

"ಇಲ್ಲ" ಎಂದರು ಭಾವ.

"ನೋಡಿ ಅಂಕಲ್, ನಿದ್ದೇಲಿ ಬಾಯಲ್ಲಿ ಜೊಲ್ಲು ಕಡಿಮೆ. ಸಿಹಿ ಅಲ್ಲೇ ನಿಂತುಬಿಡುತ್ತೆ. ಅಭ್ಯಾಸ ಬಿಡದಿದ್ರೆ ನಾನು ತುಂಬಿದ್ದರ ಪಕ್ಕದಲ್ಲೇ ಮತ್ತೆ ಕೊಳೆಯುತ್ತೆ."

ಭಾವ ಮೇಲಿನ ದೀಪ ನೋಡುತ್ತಿದ್ದರು. ಗಾರ್ಗಿ ಬಾಗಿಲ ಹತ್ತಿರ ಚೀಲ ತಗುಲಿಸಿಕೊಂಡೇ ನಿಂತಿದ್ದಳು. "ಹೇಳಿ ಅಪ್ಪ, ಅವರಿಗೆ ಹೊತ್ತಾಗುತ್ತೆ" ಅಂದಳು.

"ಕಲ್ಲುಸಕ್ಕರೆ" ಎಂದರು ಭಾವ.

ಗಾರ್ಗಿಯ ಚೀಲ ಭುಜದಿಂದ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಊಟ ಆದ್ಮೇಲೆ ಒಂದು ತುಂಡು ಹಾಕ್ಕೋತೀನಿ. ಟಿವಿ ಹಾಕ್ತೀನಿ, ಅವಳು ನೋಡ್ತಿದ್ದದ್ದನ್ನೇ. ಅದು ಇನ್ನೂ ಮುಗಿದಿಲ್ಲ, ಆ ಸೊಸೆ ಇನ್ನೂ ಬಾಗಿಲ ಹತ್ರಾನೇ ನಿಂತಿದ್ದಾಳೆ." ಭಾವ ಡಾಕ್ಟರಿಗೆ ಹೇಳುವವರಂತೆ ದೀಪಕ್ಕೆ ಹೇಳುತ್ತಿದ್ದರು. "ಬಾಯಲ್ಲಿ ಅದು ಇರೋವರೆಗೂ ಪಕ್ಕದಲ್ಲಿ ಅವಳು ಕೂತಿದ್ದಾಳೆ, ನಾನು ಮಾತಾಡಬಾರದು, ಅಷ್ಟೇ ಅನ್ನಿಸುತ್ತೆ. ಕರಗಿಬಿಟ್ಟರೆ ಮನೇಲಿ ಯಾರೂ ಇರಲ್ಲ. ಅದಕ್ಕೆ ಇನ್ನೊಂದು ಹಾಕ್ಕೊಂಡು ಮಲಗಿಬಿಡ್ತೀನಿ."

ಡಾಕ್ಟರು ಕೈಗವಸು ಸರಿಮಾಡಿಕೊಂಡರು. ನಾನು ಗೋಡೆಯ ಮೇಲಿದ್ದ ನಗುವ ಹಲ್ಲುಗಳ ಪಟ ನೋಡಿದೆ. ಗಾರ್ಗಿ ಬಂದು ಅಪ್ಪನ ಕಾಲು ಹಿಡಿದುಕೊಂಡು ನಿಂತಳು. ಕೆಲಸ ಮುಗಿಯುವವರೆಗೂ ಬಿಡಲಿಲ್ಲ.

ಕೆಲಸ ಬೇಗನೆ ಮುಗಿಯಿತು. ಡಾಕ್ಟರು ಒಸಡಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕೊಳೆತ ಭಾಗವನ್ನು ಕೊರೆದು ತೆಗೆದು, ಹಲ್ಲಿನ ಬಣ್ಣದ್ದೇ ಸಿಮೆಂಟು ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಕರಿಪುಡಿ ಬಿಟ್ಟು ಮೃದು ಬ್ರಷ್ ಹಿಡಿಯಬೇಕು, ಡಾಕ್ಟರು ಹೇಳಿದ ಪೇಸ್ಟನ್ನೇ ಹಾಕಬೇಕು, ಮಲಗುವಾಗ ಬಾಯಲ್ಲಿ ಏನೂ ಇರಬಾರದು. ಅರಮನೆಯ ವಂಶದವರು ಎಲ್ಲಕ್ಕೂ ಒಪ್ಪಿ ತಲೆ ಆಡಿಸಿದರು. "ಮರಗಟ್ಟಿದ್ದು ಬಿಡೋವರೆಗೂ ಆ ಕಡೆ ಏನೂ ಅಗಿಯಬೇಡಿ" ಎಂದರು ಡಾಕ್ಟರು.

ಮನೆಗೆ ಬಂದೆವು. ಗಾರ್ಗಿ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕಲ್ಲುಸಕ್ಕರೆಯ ಡಬ್ಬಿಯನ್ನು ತಂದು ಮಡಿಲಲ್ಲಿ ಇಟ್ಟುಕೊಂಡು ಅಪ್ಪನ ಪಕ್ಕ ಕೂತಳು. ತಳದಲ್ಲಿ ಪುಡಿಯಷ್ಟೇ ಉಳಿದಿತ್ತು.

"ಪೂರ್ತಿ ಕರಗಿಹೋಯ್ತು ಅಪ್ಪ" ಅಂದಳು. "ಇನ್ನು ಮಾತಾಡಿ."

ಭಾವ ಡಬ್ಬಿಯ ಮುಚ್ಚಳ ಮುಚ್ಚಿದರು. ಆಮೇಲೆ ಸೊಟ್ಟಗಾದ ತುಟಿಯಲ್ಲಿ, ಅರ್ಧ ಅರ್ಥವಾಗುವ ಹಾಗೆ, "ಅವತ್ತು ನೆನೆಹಾಕಿದ್ದಳಲ್ಲ ಅಕ್ಕಿ, ಅದನ್ನ ಏನು ಮಾಡಬೇಕು ಅಂತ ಅವಳನ್ನೇ ಕೇಳೋಕೆ ಹೋದೆ ಕಣಮ್ಮ" ಎಂದು ಶುರುಮಾಡಿದರು. ಎಡಗೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮರಗಟ್ಟಿದ್ದರಿಂದ ಅವರಿಗೆ ಅದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಮೇಲೆ ಹೋಗಿ ಕೆನ್ನೆಗೆ ಆತುಕೊಂಡಿತು.

ನಾನು ಎದ್ದು ಗೇಟಿಗೆ ಬಂದೆ. ಸರೋಜಮ್ಮ ರಸ್ತೆಯ ಆ ಕಡೆ ನಿಂತು ನೋಡುತ್ತಿದ್ದರು. ಪವಮಾನರ ಗಂಟಲು ಹಿಂದಿನ ದಿನವೇ ಅವರ ಗೇಟನ್ನೂ ಮುಟ್ಟಿತ್ತು.

"ಇನ್ನೂ ಅಲ್ಲು ನೋಯ್ತದಾ ಸ್ವಾಮಿ ಅವ್ರ್ಗೆ?"

"ಇಲ್ಲ ಸರೋಜಮ್ಮ. ಹಲ್ಲು ಸರಿಯಾಯಿತು."

ಅವರು ಕೆನ್ನೆಯ ಮೇಲಿನ ಆ ಕೈಯನ್ನು ಇನ್ನೊಂದು ಸಲ ನೋಡಿದರು. ನಮ್ಮ ಬೀದಿಯ ಕಾನೂನು ಹೇಳಬಹುದೆಂದು ನಾನು ಕಾದೆ.

"ಅಂಗಾದ್ರೆ ಕೂತಿರ್ಲಿ ಬುಡಿ" ಎಂದು ಅವರು ಮೆಲ್ಲಗೆ ಗೇಟು ಹಾಕಿಕೊಂಡು ಒಳಗೆ ಹೋದರು.